ಇನಾಯತುಲ್ಲಾರ ಕೊನೆಯ ಬೇಟೆ

ಅಮೆರಿಕದ ಸೆಂಟರ್‌ವಿಲ್‌ನಲ್ಲಿ ಫಾರ್ಮಸಿಸ್ಟ್ ಆಗಿದ್ದ ಮೈಸೂರಿನ ಇನಾಯತುಲ್ಲಾ ಒಂದೇ ಮುದಿ ಗಂಡು ಜಿಂಕೆಯ ಬೆನ್ನು ಹತ್ತಿ ನಾಲ್ಕು ವರ್ಷವಾಗಿತ್ತು. ವರ್ಜೀನಿಯಾದ ಒಂದು ದೊಡ್ಡ ಕಾಡಿನಲ್ಲಿ ತೊಡೆಗಾತ್ರದ ಮರಗಳ ಮೇಲೆ ಅದು ಕೊಂಬು ಉಜ್ಜಿದ ಗುರುತು ಸಿಗುತ್ತಿತ್ತು, ಜಿಂಕೆ ಮಾತ್ರ ಸಿಗುತ್ತಿರಲಿಲ್ಲ. ಅಷ್ಟರಲ್ಲಿ ಗ್ಲಾಕೋಮಾ ಅವರ ಕಣ್ಣನ್ನು ತಿನ್ನುತ್ತಾ ಬಂದಿತ್ತು. ೨೦೨೪ರ ಜನವರಿ, ಆ ಬೇಟೆ ಸೀಸನ್ನಿನ ಕೊನೆಯ ದಿನ, ಮಾಂಸ ಮುಟ್ಟದ ಗೆಳೆಯ ದಾನಪ್ಪನವರೇ ಡ್ರೈವ್ ಮಾಡಿ ಅವರನ್ನು ಕಾಡಿಗೆ ಕರೆತಂದಿದ್ದರು.

"ಇಷ್ಟು ವರ್ಷ ಜಿಂಕೆ ತಿನ್ನೋಕೆ ಬರುತ್ತೆ ಅಂತ ಓಕ್ ಕಾಯಿ ಬೀಳೋ ಕಡೆ ಕಾದು ಮಿಸ್ಟೇಕ್ ಮಾಡ್ದೆ ಕಣೋ," ಎಂದರು ಇನಾಯತುಲ್ಲಾ. "ಅದು ಗುಡ್ಡದ ನೆತ್ತಿಗಿಂತ ಸ್ವಲ್ಪ ಕೆಳಗೆ ಪೊದೇಲಿ ಮಲಗುತ್ತೆ. ಮೇಲಿಂದ ಬಂದ್ರೆ ಗಾಳೀಲಿ ಅದಕ್ಕೆ ನಮ್ಮ ವಾಸನೆ ಸಿಗುತ್ತೆ, ಕೆಳಗಿಂದ ಬಂದ್ರೆ ಕಣ್ಣಿಗೆ ಬೀಳ್ತೀವಿ. ಪಕ್ಕದಿಂದ ಹೋಗ್ಬೇಕು."

ಪಕ್ಕದಿಂದಲೇ ಹೋಗಿ ಕುಳಿತರು. ಮಧ್ಯಾಹ್ನ ಪೊದೆ ಅಲುಗಿತು.

"ಎದುರಿಗೇ ಇದೆ," ದಾನಪ್ಪ ಪಿಸುಗುಟ್ಟಿದರು.

ಇನಾಯತುಲ್ಲಾ ಕೋವಿ ಎತ್ತಿದರು. ಕೋವಿಯ ದುರ್ಬೀನಿನಲ್ಲಿ ಅವರಿಗೆ ಕಂಡದ್ದು ಬರೀ ಬೂದು ಮಂಜು. ತರಗೆಲೆ ತುಳಿಯುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು.

"ಎಲ್ಲೋ? ಎಲ್ಲಿ?"

ದನಿ ಏರಿಬಿಟ್ಟಿತು. ಬೆದರಿದ ಜಿಂಕೆಯ ಒಂದು ಸೀನು, ಓಡುವ ಗೊರಸಿನ ಸದ್ದು, ಆಮೇಲೆ ಏನಿಲ್ಲ.

"ಅದರ ಗುಟ್ಟು ಅರ್ಥ ಆಗೋ ಹೊತ್ತಿಗೆ ನನ್ನ ಕಣ್ಣೇ ಹೋಯ್ತಲ್ಲೋ!"

ಇನಾಯತುಲ್ಲಾ ಕುಳಿತಲ್ಲೇ ಅತ್ತರು. ತಡವುತ್ತಲೇ ಕೋವಿಯಿಂದ ಗುಂಡುಗಳನ್ನು ತೆಗೆದು ದಾನಪ್ಪನವರ ಅಂಗೈಗೆ ಹಾಕಿದರು.

"ಕೊಂಬು ಹೇಗಿತ್ತು, ಹೇಳೋ."