ಉಯ್ಯಾಲೆಯಲ್ಲಿ ಕುಳಿತವರನ್ನು ಕರೆಯಬಾರದು

ತ್ಯಾಗರಾಜನಗರದ ನಮ್ಮ ನರ್ಸಿಂಗ್ ಹೋಮಿನ ಹಿಂದಿನ ವರಾಂಡದಲ್ಲಿ ಒಂದು ಮರದ ಉಯ್ಯಾಲೆ ಇದೆ. ವಾಸದ ಮನೆಯನ್ನು ಆಸ್ಪತ್ರೆ ಮಾಡಿಕೊಂಡಾಗ ಅಡುಗೆಮನೆ ಲ್ಯಾಬ್ ಆಯಿತು, ದೇವರಮನೆಯಲ್ಲಿ ಔಷಧಿಗಳು ಪ್ರತಿಷ್ಠಾಪನೆಯಾದವು. ಉಯ್ಯಾಲೆ ಮಾತ್ರ ಯಾರ ಕಣ್ಣಿಗೂ ಬೀಳದೆ ತನ್ನ ಸರಪಳಿಗಳಲ್ಲಿ ಜೋತುಕೊಂಡು ಉಳಿದುಬಿಟ್ಟಿತು. ಮಧ್ಯಾಹ್ನ ಹೊಂಗೆಮರದ ನೆರಳು ಅದರ ಹಲಗೆಯ ಮೇಲೆ ಬಂದು ಮೆಲ್ಲಗೆ ಅಲುಗಾಡುವಾಗ, ಇದು ಆಸ್ಪತ್ರೆಯೋ ಕನಸಿನಲ್ಲಿ ಕಂಡ ಯಾರದೋ ಮನೆಯೋ ಎಂದು, ಇಲ್ಲಿಯ ಹಿರಿಯ ನರ್ಸ್ ಎನಿಸಿಕೊಂಡ ನನಗೂ ಒಂದು ಗಳಿಗೆ ತಿಳಿಯುವುದಿಲ್ಲ.

ಈ ಉಯ್ಯಾಲೆಗೊಂದು ಕಟ್ಟಳೆಯಿದೆ. ಯಾರು ಮಾಡಿದರೋ, ಯಾವ ಗೋಡೆಗೂ ಅಂಟಿಸಿಲ್ಲ: ಅದರಲ್ಲಿ ಕುಳಿತವರನ್ನು ಕರೆಯಬಾರದು, ಅವರ ರೋಗಿ ಗಂಟೆ ಒತ್ತಿದರೆ ಇನ್ನೊಬ್ಬರು ಓಡಬೇಕು. ಒಮ್ಮೆ ಯಾರೋ ಬಂದು, ಡ್ಯೂಟಿ ಮುಗಿಸಿ ಮನೆಗೆ ಹೊರಟಿದ್ದ ನಮ್ಮನ್ನೇ ಹಿಡಿದು ಕೂರಿಸಿ, ಸಿಬ್ಬಂದಿಯ ಕ್ಷೇಮವೆಂದರೇನೆಂದು ಉಪನ್ಯಾಸ ಕೊಟ್ಟು, ಗಟ್ಟಿಯಾಗಿ ನಗುವುದನ್ನೂ ಹೇಳಿಕೊಟ್ಟು ಹೋದರು. ನಾವು ವಿಧೇಯರಾಗಿ ನಕ್ಕೆವು, ಬಸ್ಸು ತಪ್ಪಿತು. ನನ್ನನ್ನು ಕೇಳಿದರೆ, ಸ್ನೇಹಿತರೇ, ಉಯ್ಯಾಲೆಯ ಸುಖ ಹಲಗೆಯಲ್ಲಿಲ್ಲ, ನಮ್ಮ ಬದಲಿಗೆ ಓಡುವ ಇನ್ನೊಬ್ಬರ ಕಾಲಿನಲ್ಲಿದೆ.

ಗದಗದ ಕಡೆಯಿಂದ ಬಂದು ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿರುವ ಸಾವಿತ್ರಿ ನಮ್ಮಲ್ಲಿ ನರ್ಸ್. ಆವತ್ತು ಬೆಳಿಗ್ಗೆ, ಅವಳ ಕೈಯಿಂದಲ್ಲದೆ ಗಂಜಿ ಕುಡಿಯದಿದ್ದ ಅಜ್ಜಿಯೊಬ್ಬರು ತೀರಿಕೊಂಡರು. ಅವರ ಮೈ ಒರೆಸಿ, ತಲೆ ಬಾಚಿ ಕಳಿಸಿಕೊಟ್ಟವಳೂ ಅವಳೇ. ಹಾಸಿಗೆಯ ತಗ್ಗು ಮೇಲೇಳುವ ಮೊದಲೇ ಅಲ್ಲಿ ಇನ್ನೊಬ್ಬರು ಬಂದು ಮಲಗಿದ್ದರು. ಮಧ್ಯಾಹ್ನ ನನ್ನ ಹತ್ತಿರ ಬಂದವಳು, "ಸಾಕಾತ್ರೀ ಅಕ್ಕಾ, ನಾ ಊರಿಗೆ ಹೊಕ್ಕೀನಿ. ನಾಳಿಂದ ಬರೂದಿಲ್ಲ" ಎಂದಳು. ನಾನು ಅವಳ ಕೈ ಹಿಡಿದು ಕರೆದುಕೊಂಡು ಹೋಗಿ ಉಯ್ಯಾಲೆಯಲ್ಲಿ ಕೂರಿಸಿದೆ. ಅವಳು ಕಣ್ಣು ಮುಚ್ಚಿಕೊಂಡಳು. ಸರಪಳಿ ಅರೆನಿದ್ದೆಯಲ್ಲಿ ಮಾತಾಡುವವರ ಹಾಗೆ ಕಿರುಗುಟ್ಟತೊಡಗಿತು.

ಅದೇ ಹೊತ್ತಿಗೆ ನಮ್ಮ ಡಾಕ್ಟರು ಬಡಗಿಯನ್ನು ಕರೆದುಕೊಂಡು ಬರಬೇಕೆ! ಉಯ್ಯಾಲೆ ತೆಗೆಸಿ ಅಲ್ಲಿ ಇನ್ನೆರಡು ಹಾಸಿಗೆ ಹಾಕಿಸುವುದು ಅವರ ಬಹುದಿನದ ಯೋಚನೆ. ಕೆಟ್ಟವರಲ್ಲ, ನರಳುತ್ತ ಬಂದವರನ್ನು ಜಾಗವಿಲ್ಲವೆಂದು ವಾಪಸು ಕಳಿಸುವ ಸಂಕಟ ಅವರಿಗೇ ಗೊತ್ತು. ಆದರೂ ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಅವಳ ರೋಗಿಯೊಬ್ಬರ ಗಂಟೆ ಮೊಳಗಿತು. ಸಾವಿತ್ರಿ ಬೆಚ್ಚಿ ಎದ್ದಳು. ಡಾಕ್ಟರು ಕೆಂಪಾಗಿದ್ದ ಅವಳ ಕಣ್ಣುಗಳನ್ನು ನೋಡಿದರು.

"ಕೂತ್ಕೊಳಿ ಸಿಸ್ಟರ್, ನಾನ್ ನೋಡ್ತೀನಿ" ಎಂದು ಒಳಗೆ ಹೋದರು. ಸಾವಿತ್ರಿ ಮತ್ತೆ ಹಲಗೆಯ ಮೇಲೆ ಕುಳಿತು ಅಳತೊಡಗಿದಳು.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಅವರ ತಲೆ ಮಾತ್ರ ಕಾಣಿಸಿತು. "ಬೆಡ್‌ಪ್ಯಾನ್ ಎಲ್ಲಿಟ್ಟಿರ್ತೀರಿ?"

ಸಾವಿತ್ರಿ ಅಳುತ್ತಿದ್ದವಳು ನಕ್ಕುಬಿಟ್ಟಳು. ನಗುತ್ತಿದ್ದವಳು ಮತ್ತೆ ಜೋರಾಗಿ ಅತ್ತಳು. ಬೆಳಿಗ್ಗೆಯಿಂದ ಅವಳಿಗೆ ಅಳುವುದಕ್ಕೂ ಪುರುಸೊತ್ತಿರಲಿಲ್ಲ. ನಾನು ತೋರಿಸಿದ ಕಪಾಟಿನಿಂದ ಬೆಡ್‌ಪ್ಯಾನ್ ಹಿಡಿದುಕೊಂಡು ಹೊರಟ ಡಾಕ್ಟರನ್ನು ತಡೆದು, ಬಡಗಿ ಉಯ್ಯಾಲೆಯ ಕೊಂಡಿಯತ್ತ ಕೈ ತೋರಿಸಿದ.

"ಸಾರ್, ಬಿಚ್ಚಲಾ ಬೇಡ್ವಾ?"

"ಅವ್ರು ಕೂತಿದಾರಲ್ಲಪ್ಪಾ" ಎಂದರು ಡಾಕ್ಟರು, ದೊಡ್ಡ ತಪ್ಪು ಮಾತು ಕೇಳಿಸಿಕೊಂಡವರ ಹಾಗೆ.

ಬಡಗಿ ಸ್ಪ್ಯಾನರನ್ನು ಚೀಲಕ್ಕೆ ಹಾಕಿಕೊಂಡು ಹೋದ. ನಾನು ಅವಳ ಪಕ್ಕದಲ್ಲಿ ನಿಂತು ಹಲಗೆಯನ್ನು ಮೆಲ್ಲಗೆ ತೂಗಿದೆ. ಊರಿನ ಮಾತು ಎತ್ತಲು ನನಗೆ ಭಯವಾಗಿತ್ತು. ಮುಚ್ಚಿದ ಕಣ್ಣು ತೆರೆಯದೆ ಅವಳೇ ಹೇಳಿದಳು:

"ಅಕ್ಕಾ, ನಾಳಿ ನಂದು ಮುಂಜಾನಿ ಡ್ಯೂಟಿ ಐತಿ ನೋಡ್ರೀ."