ಅತ್ತೆಯನ್ನು ಮಂಚ ಇಳಿಯಗೊಡದ ಸೊಸೆ

ಬಾಗೇವಾಡಿಯ ದವಾಖಾನೆಯಲ್ಲಿ ಡಾಕ್ಟರು ಅತ್ತೆಯ ಸೀರೆಯನ್ನು ಮೊಣಕಾಲಿನವರೆಗೆ ಸರಿಸಿದರು. ಮೀನಖಂಡ ಇರಬೇಕಾದ ಜಾಗದಲ್ಲಿ ಬರೀ ತೊಗಲು ಜೋತಾಡುತ್ತಿತ್ತು. ಬುತ್ತಿಗಂಟು ಹೊತ್ತು ದಿನಾ ಹೊಲಕ್ಕೆ ನಡೆದ ಕಾಲು ಅದು! ಅಂದು ಮುಂಜಾನೆ ಮಂಚದಿಂದ ಇಳಿದವರು ನಿಲ್ಲಲಾರದೆ ಕುಸಿದಿದ್ದರು.

“ಎಲುಬು ಮುರಿದಿಲ್ಲ, ಲಕ್ವಾ ಹೊಡದಿಲ್ಲ. ಇವರು ಮಲಗಿ ಎಷ್ಟು ದಿನಾತ್ರಿ?” ಎಂದರು ಡಾಕ್ಟರು.

ಎರಡು ತಿಂಗಳು. ಹಾಸಿಗೆ ಹಿಡಿಸಿದ್ದ ಜ್ವರ ವಾರದಲ್ಲೇ ಬಿಟ್ಟಿತ್ತು. ಆಮೇಲೂ ಅವರನ್ನು ಏಳಗೊಡದವಳು ನಾನೇ. ನೀರಿನ ತಂಬಿಗೆಯನ್ನೂ ಎತ್ತಲು ಬಿಡದೆ, ಹೊತ್ತುಹೊತ್ತಿಗೆ ಬರೀ ಗಂಜಿ ಕುಡಿಸಿದ್ದೆ. ಇಂಗಳೇಶ್ವರದ ನಮ್ಮ ಓಣಿಯವರು “ಸೊಸಿ ಅಂದ್ರ ಹಿಂಗಿರಬೇಕು” ಎಂದಾಗ ಉಬ್ಬಿಹೋಗಿದ್ದೆ.

“ದುಡಿಸದಿದ್ರ ಸ್ನಾಯು ಕರಗಿ ಹೋಗ್ತಾವ್ರೀ ಅಕ್ಕಾರ. ಕಾಳು, ಮೊಸರು ಕೊಡ್ರಿ, ದಿನಾ ಸ್ವಲ್ಪಸ್ವಲ್ಪ ನಡಸ್ರಿ” ಎಂದರು ಡಾಕ್ಟರು. ಮುರಿಯದ ಕಾಲನ್ನು ಸೇವೆ ಮಾಡಿಯೇ ಮುರಿದಿದ್ದೆ.

ಈಗ ಅತ್ತೆ ಗೋಡೆ ಹಿಡಿದು ನಡೆದು ಬಂದು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಾರೆ. ಮೂರರಲ್ಲಿ ಒಂದು ಹರಿಯುತ್ತದೆ. ನಾನು ಕೈಕಟ್ಟಿ ನೋಡುತ್ತ ನಿಲ್ಲುತ್ತೇನೆ. ಅದೇ ಓಣಿಯವರು ಈಗ ನನ್ನನ್ನು ಗಯ್ಯಾಳಿ ಅನ್ನುತ್ತಾರೆ. ಅನ್ನಲಿ.