ನಾಲ್ಕನೆಯವನಾಗಿ ಬಂದ ಕಲ್ಲು

ಕನಕಪುರದ ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಮೇಷ್ಟ್ರು. ಬಾಯಿ ಬಿಟ್ಟರೆ ಪಾಠ ಎಂಬ ಕಾರಣಕ್ಕೆ ಒಂದೆರಡು ಸಂಬಂಧಗಳು ಆಗಲೇ ಮುರಿದಿದ್ದವು. ದೊಡ್ಡಮಳೂರಿನ ಹುಡುಗಿಯ ಫೋಟೊ ನೋಡಿದ ಮೇಲೆ ಇದೊಂದು ತಪ್ಪಿಹೋಗದಿರಲಿ ಎಂದು ಮನಸ್ಸು ಹಟ ಹಿಡಿದಿತ್ತು.

ಹೆಣ್ಣು ನೋಡಲು ಹೊರಟವರು ಅವ್ವ, ಸೋದರಮಾವ ಮತ್ತು ನಾನು. ಒಳ್ಳೆಯ ಕೆಲಸಕ್ಕೆ ಮೂವರು ಹೋಗಬಾರದೆಂಬುದು ನಮ್ಮ ಕಡೆಯ ಕಾನೂನು. ಮಾವ ಅಂಗಳದಿಂದ ಒಂದು ಕಲ್ಲು ಆರಿಸಿ, ಇದು ನಾಲ್ಕನೆಯವನು ಎಂದು ನನ್ನ ಬ್ಯಾಗಿಗೆ ಹಾಕಿದರು. ಕಲ್ಲನ್ನು ಮನುಷ್ಯನೆಂದು ಎಣಿಸುವುದು ಯಾವ ಸೀಮೆಯ ಲೆಕ್ಕ ಎಂದು ರೇಗಿದೆ.

"ಅದು ಮಾತಾಡಾಕಿಲ್ಲ ಕಣ್ಲಾ, ಲೆಕ್ಕಕ್ಕೆ ಮಾತ್ರ ಬತ್ತದೆ. ನೀನೂ ಅಲ್ಲಿ ಒಸಿ ಹಂಗೇ ಇರು," ಎಂದರು ಮಾವ.

ಹಾಗಿರಲು ಆಗಲಿಲ್ಲ. ಏನು ಪಾಠ ಮಾಡುತ್ತೀರಿ ಎಂದು ಹುಡುಗಿಯ ತಂದೆ ಕೇಳಿದ್ದೇ ತಡ, ಕಣಗಳಲ್ಲಿ ಎರಡು ಜಾತಿ ಎಂದು ಶುರುವಿಟ್ಟೆ. ಜಾತಿ ಎಂದೊಡನೆ ಎಲ್ಲರ ಕಿವಿ ನೆಟ್ಟಗಾಯಿತು. ಬೋಸಾನ್‌ಗಳು ಒಂದೇ ಸ್ಥಿತಿಯಲ್ಲಿ ಎಷ್ಟಾದರೂ ಸೇರುತ್ತವೆ. ಫರ್ಮಿಯಾನ್‌ಗಳು ದಾಯಾದಿಗಳ ಹಾಗೆ, ಒಂದಿದ್ದ ಕಡೆ ಇನ್ನೊಂದು ಕಾಲಿಡದು. ಪರಮಾಣುವಿನಲ್ಲಿ ಪ್ರೋಟಾನು, ಎಲೆಕ್ಟ್ರಾನು ಸರಿಸಮ. ಹಾಗಾಗಿ ಜಾತಿ ತೀರ್ಮಾನಿಸುವುದು ನ್ಯೂಟ್ರಾನು ಬೆಸವೋ ಸಮವೋ ಎಂಬ ಲೆಕ್ಕ. ಲಿಥಿಯಂನಲ್ಲಿ ಮೂರು ನ್ಯೂಟ್ರಾನಿದ್ದರೆ ಅದು ಫರ್ಮಿಯಾನ್, ಎಷ್ಟು ತಣಿಸಿದರೂ ಜೋಡಿ ಕಟ್ಟದೆ ಒಂದಾಗುವುದಿಲ್ಲ. ನಾಲ್ಕಿದ್ದರೆ ಬೋಸಾನ್, ಸಾಕಷ್ಟು ತಣಿಸಿದರೆ ಪರಮಾಣುಗಳೆಲ್ಲ ಒಂದೇ ಸ್ಥಿತಿಗಿಳಿದು ಕಂಡೆನ್ಸೇಟ್ ಎಂಬ ಒಂದೇ ಮುದ್ದೆಯಾಗುತ್ತವೆ.

ಅವ್ವ ತಲೆ ತಗ್ಗಿಸಿದಳು. ಈ ಸಂಬಂಧವೂ ಹೋಯಿತು ಎಂದು ನನಗೂ ಗೊತ್ತಾಯಿತು, ಬಾಯಿ ಮಾತ್ರ ನಿಲ್ಲಲಿಲ್ಲ. ಎಲ್ಲ ಬದಲಿಸುವ ಆ ನಾಲ್ಕನೆಯದಕ್ಕೆ ವಿದ್ಯುದಾವೇಶವೇ ಇಲ್ಲ, ಸುಮ್ಮನೆ ಕೂತಿರುತ್ತದೆ ಎಂದೂ ಸೇರಿಸಿದೆ.

ಕಾಫಿ ತಂದ ಹುಡುಗಿ ನಮ್ಮ ಮೂವರನ್ನೂ ಒಮ್ಮೆ ನೋಡಿದಳು.

"ಹಂಗಾರೆ ನಿಮ್ ಬ್ಯಾಗಲ್ಲಿ ಕಲ್ಲೈತಾ?"

ಮಾವ ಚಾವಣಿ ನೋಡತೊಡಗಿದರು. ಇಲ್ಲ ಎನ್ನಬಹುದಿತ್ತು. ನಾನು ಬ್ಯಾಗು ತೆರೆದು ಕಲ್ಲನ್ನು ತೆಗೆದು ಕಾಫಿ ತಟ್ಟೆಯ ಪಕ್ಕ ಇಟ್ಟೆ. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನಗೆ ಅಷ್ಟು ಸಂತೋಷವಾದದ್ದು ಆಮೇಲೆ ಮದುವೆಯ ದಿನವೇ.

ಈಗ ಮಗಳೂ ಸೇರಿ ಹೊರಗೆ ಹೊರಟರೆ ನಾವು ಮೂವರು. ಮೂಢನಂಬಿಕೆ ಬಿಡಿ ಎಂದು ಕಾಲೇಜಿನಲ್ಲಿ ಭಾಷಣ ಬಿಗಿಯುವವನು ನಾನೇ. ಮೊನ್ನೆ ಮಗಳನ್ನು ಶಾಲೆಗೆ ಸೇರಿಸಲು ಹೊರಟಾಗ, ಬಸ್ ಸ್ಟಾಂಡಿನಿಂದ ಮನೆಗೆ ಓಡಿ ಕಲ್ಲು ತಂದವನೂ ನಾನೇ. ಹೆಂಡತಿ ಬ್ಯಾಗಿನ ಬಾಯಿ ತೆರೆದು ಹಿಡಿದಳು.